ಆಪ್ತ ಸಮಾಲೋಚಕರ ವೃತ್ತಿ: ಮಾನಸಿಕ ಆರೋಗ್ಯ ಮತ್ತು ವಿದ್ಯಾರ್ಥಿ ನೆರವು (ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳು)

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಗೆ ಒಳಪಟ್ಟಿರುತ್ತವೆ. ಮೂಡಲಗಿಯು ಹಿಂದೆ ಗೋಕಾಕ ತಾಲೂಕಿನ ಭಾಗವಾಗಿದ್ದು, ನಂತರ ಪ್ರತ್ಯೇಕ ತಾಲೂಕಾಗಿ ರಚನೆಗೊಂಡಿರುತ್ತದೆ. ಈ ಭಾಗದ ವಿದ್ಯಾರ್ಥಿಗಳು, ಪಾಲಕರು, ಶಿಕ್ಷಕರು ಹಾಗೂ ಆಪ್ತ ಸಮಾಲೋಚನೆಯನ್ನು ವೃತ್ತಿಯಾಗಿ ಸ್ವೀಕರಿಸಬಯಸುವ ಪದವೀಧರರ ಅನುಕೂಲಕ್ಕಾಗಿ ಸದರಿ ವೃತ್ತಿಯ ಸ್ವರೂಪ, ಅರ್ಹತೆ, ಕರ್ತವ್ಯ ಮತ್ತು ಕಾನೂನಿನ ಹೊಣೆಗಳನ್ನು ಇಲ್ಲಿ ವಿವರಿಸಲಾಗಿದೆ.

ಆಪ್ತ ಸಮಾಲೋಚನೆ ಎಂದರೆ ಬುದ್ಧಿವಾದ ಹೇಳುವುದಲ್ಲ. ತೊಂದರೆಯಲ್ಲಿರುವ ವ್ಯಕ್ತಿಯು ತನ್ನ ಸ್ಥಿತಿಯನ್ನು ತಾನೇ ಅರಿತು, ಮುಂದಿನ ಹೆಜ್ಜೆಯನ್ನು ತಾನೇ ನಿರ್ಧರಿಸುವಂತೆ ತರಬೇತಿ ಪಡೆದ ವ್ಯಕ್ತಿಯು ನೆರವಾಗುವುದೇ ಸಮಾಲೋಚನೆ. ಸಮಾಲೋಚಕರು ಔಷಧಿ ಬರೆದುಕೊಡುವುದಿಲ್ಲ. ಮನೆ, ಶಾಲೆ ಮತ್ತು ಆಸ್ಪತ್ರೆಗಳ ನಡುವಿನ ಕೊಂಡಿಯಾಗಿ ಅವರು ಕಾರ್ಯ ನಿರ್ವಹಿಸುತ್ತಾರೆ. ಈ ಕೊಂಡಿ ಇಲ್ಲದ ಕಡೆ, ಆರಂಭದಲ್ಲಿಯೇ ಪರಿಹಾರವಾಗಬಹುದಾದ ತೊಂದರೆಯು ಜೀವಕ್ಕೆ ಅಪಾಯ ಒದಗಿದ ನಂತರವಷ್ಟೇ ಗಮನಕ್ಕೆ ಬರುವ ಸಂಭವವಿರುತ್ತದೆ.

2. ಹಿನ್ನೆಲೆ

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು 1982ರಲ್ಲಿ ಆರಂಭಗೊಂಡಿತು. ತಜ್ಞರನ್ನೇ ಅವಲಂಬಿಸದೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಒದಗಿಸುವ ಮಾದರಿಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ರೂಪಿಸಿತು. ಇದೇ ಬಳ್ಳಾರಿ ಮಾದರಿಯ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದ ನಾಲ್ಕು ಜಿಲ್ಲೆಗಳಲ್ಲಿ ಜಾರಿಗೆ ಬಂದು, ಕ್ರಮೇಣ ಇತರ ಜಿಲ್ಲೆಗಳಿಗೂ ವಿಸ್ತರಣೆಯಾಯಿತು. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮವು ಮಂಗಳವಾರದ ದಿನ ಮನೋವೈದ್ಯರ ಸೇವೆಯನ್ನು ತಾಲೂಕು ಆಸ್ಪತ್ರೆಗಳಿಗೆ ತರುವ ಉದ್ದೇಶ ಹೊಂದಿತ್ತು. ಅದೇ ವರ್ಷ ಜನವರಿಯಲ್ಲಿ 10ರಿಂದ 19 ವರ್ಷದವರಿಗಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ಆರಂಭಗೊಂಡಿತು. ಇದರಡಿ ನಡೆಯುವ ಹದಿಹರೆಯದವರ ಆರೋಗ್ಯ ಕೇಂದ್ರಗಳು ಕರ್ನಾಟಕದಲ್ಲಿ ಸ್ನೇಹ ಕ್ಲಿನಿಕ್ ಎಂಬ ಹೆಸರಿನಿಂದ ಪರಿಚಿತವಾಗಿವೆ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷ ವಯೋಮಾನದವರ ಪೈಕಿ ಶೇಕಡಾ 7.3ರಷ್ಟು ಮಂದಿಯಲ್ಲಿ ಮಾನಸಿಕ ತೊಂದರೆ ಕಂಡುಬಂದಿತ್ತು. ಕರ್ನಾಟಕವು ಸದರಿ 12 ರಾಜ್ಯಗಳಲ್ಲಿ ಸೇರಿರಲಿಲ್ಲವಾದ್ದರಿಂದ ಈ ಅಂಕಿಯನ್ನು ಮೂರು ತಾಲೂಕುಗಳಿಗೆ ನೇರವಾಗಿ ಅನ್ವಯಿಸಲಾಗದು. ಆದಾಗ್ಯೂ ತೊಂದರೆಯು ವಿರಳವಾದುದಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

3. ಮೂರು ತಾಲೂಕುಗಳ ಪರಿಸ್ಥಿತಿ

ಈ ಭಾಗದಲ್ಲಿ ಕಾರ್ಯ ನಿರ್ವಹಿಸುವ ಸಮಾಲೋಚಕರು ಕೆಳಕಂಡ ಸಂಗತಿಗಳನ್ನು ಅರಿತಿರುವುದು ಅವಶ್ಯ.

(ಅ) ಭಾಷೆ: ಹುಕ್ಕೇರಿ ತಾಲೂಕಿನ ಸಂಕೇಶ್ವರ ಭಾಗವು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿದ್ದು, ಮನೆಯಲ್ಲಿ ಮರಾಠಿ ಮಾತನಾಡುವ ಮಕ್ಕಳೂ ಇರುತ್ತಾರೆ. ಖಿನ್ನತೆ, ಆತಂಕ ಎಂಬ ಗ್ರಾಂಥಿಕ ಪದಗಳನ್ನು ಮಕ್ಕಳು ಬಳಸುವುದು ಕಡಿಮೆ. "ಎದಿ ಡವಡವ ಅಂತೈತಿ", "ತಲಿ ಭಾರ ಆಗೈತಿ", "ಸಾಲಿಗಿ ಹೋಗಂಗಿಲ್ಲ" ಎಂಬ ಮಾತುಗಳಲ್ಲಿಯೇ ತೊಂದರೆಯ ಸೂಚನೆ ಇರಬಹುದು.

(ಆ) ಜೀವನೋಪಾಯ: ಕಬ್ಬು ಈ ಭಾಗದ ಪ್ರಮುಖ ಬೆಳೆ. ಕಬ್ಬು ಕಟಾವಿನ ಹಂಗಾಮಿನಲ್ಲಿ ಊರಿಂದ ಊರಿಗೆ ಹೋಗುವ ಕುಟುಂಬಗಳ ಮಕ್ಕಳು ವರ್ಷದ ಮಧ್ಯದಲ್ಲಿ ಶಾಲೆ ತಪ್ಪಿಸಿಕೊಳ್ಳುತ್ತಾರೆ. ಮರಳಿ ಬಂದಾಗ ಪಾಠ ಅರ್ಥವಾಗದೆ ಹಿಂಜರಿಯುವ ಮಗುವನ್ನು ಸೋಮಾರಿ ಎಂದು ಭಾವಿಸಬಾರದು.

(ಇ) ಪ್ರವಾಹ: 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭಾ ನದಿಯ ಪ್ರವಾಹದಿಂದ ಗೋಕಾಕ ಪಟ್ಟಣ ಮತ್ತು ನದಿ ತೀರದ ಗ್ರಾಮಗಳು ಜಲಾವೃತಗೊಂಡಿದ್ದವು. 2021ರ ಜುಲೈನಲ್ಲಿಯೂ ಪ್ರವಾಹ ಉಂಟಾಯಿತು. ಮನೆ, ದನಕರು, ಪುಸ್ತಕ ಕಳೆದುಕೊಂಡ ಮಕ್ಕಳಲ್ಲಿ ಭಯವು ಪ್ರತಿ ಮಳೆಗಾಲದಲ್ಲಿ ಮರುಕಳಿಸುವ ಸಾಧ್ಯತೆ ಇರುತ್ತದೆ.

(ಈ) ಬಾಲ್ಯ ವಿವಾಹ: ಪ್ರೌಢಶಾಲೆಯ ವಿದ್ಯಾರ್ಥಿನಿಯ ದೀರ್ಘ ಗೈರುಹಾಜರಿಯ ಹಿಂದೆ ಮದುವೆಯ ಮಾತುಕತೆ ಇರಬಹುದು. ಬಾಲ್ಯ ವಿವಾಹ ನಿಷೇಧ ಕಾಯ್ದೆ 2006ಕ್ಕೆ ಕರ್ನಾಟಕ ತಂದ ತಿದ್ದುಪಡಿಯ ಮೇರೆಗೆ ರಾಜ್ಯದಲ್ಲಿ ಬಾಲ್ಯ ವಿವಾಹವು ಆರಂಭದಿಂದಲೇ ಅಸಿಂಧುವಾಗಿರುತ್ತದೆ.

(ಉ) ದೂರ: ಬೆಳಗಾವಿ ಅಥವಾ ಧಾರವಾಡಕ್ಕೆ ಹೋಗಿಬರಲು ಬಸ್ಸಿನ ಖರ್ಚಿನ ಜೊತೆಗೆ ಪಾಲಕರ ಒಂದು ದಿನದ ಕೂಲಿಯೂ ನಷ್ಟವಾಗುತ್ತದೆ. ಒಮ್ಮೆ ಹೋಗಿ ಬಂದವರು ಎರಡನೆಯ ಭೇಟಿಗೆ ಹೋಗದಿರಲು ಇದೂ ಒಂದು ಕಾರಣ. ಹತ್ತಿರದಲ್ಲಿರುವ ಸಮಾಲೋಚಕರ ಅಗತ್ಯವು ಇಲ್ಲಿಯೇ ಹೆಚ್ಚಾಗಿ ಕಂಡುಬರುತ್ತದೆ.

4. ಕರ್ತವ್ಯದ ಸ್ವರೂಪ

ಉದಾಹರಣೆಗೆ, 9ನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪದೇ ಪದೇ ಹೊಟ್ಟೆನೋವೆಂದು ಮನೆಗೆ ಮರಳುತ್ತಿರುತ್ತಾಳೆ ಎಂದು ಭಾವಿಸೋಣ. ಪಾಲಕರು ದೇವಸ್ಥಾನಕ್ಕೆ ಹರಕೆ ಹೊತ್ತಿರುತ್ತಾರೆ. ಶಿಕ್ಷಕರು ನೆಪ ಹೇಳುತ್ತಾಳೆಂದು ತಿಳಿದಿರುತ್ತಾರೆ. ಇಂತಹ ಸಂದರ್ಭದಲ್ಲಿ ಸಮಾಲೋಚಕರು ಅನುಸರಿಸುವ ಕ್ರಮ ಹೀಗಿರುತ್ತದೆ.

ಮೊದಲನೆಯದಾಗಿ, ದೈಹಿಕ ಕಾಯಿಲೆ ಇದೆಯೇ ಎಂಬುದನ್ನು ವೈದ್ಯರಿಂದ ಖಚಿತಪಡಿಸಿಕೊಳ್ಳಲಾಗುತ್ತದೆ. ಎರಡನೆಯದಾಗಿ, ವಿದ್ಯಾರ್ಥಿನಿಯೊಂದಿಗೆ ಬೇರೆಯವರಿಗೆ ಮಾತು ಕೇಳಿಸದ, ಆದರೆ ಆಕೆಗೆ ಸುರಕ್ಷಿತವೆನಿಸುವ ಸ್ಥಳದಲ್ಲಿ ಮಾತುಕತೆ ನಡೆಸಲಾಗುತ್ತದೆ. ನೋವು ಯಾವ ದಿನ, ಯಾವ ವೇಳೆಗೆ ಬರುತ್ತದೆ, ರಜೆಯ ದಿನ ಹೇಗಿರುತ್ತದೆ, ನಿದ್ರೆ ಹಾಗೂ ಊಟ ಹೇಗಿದೆ, ಬಸ್ಸಿನಲ್ಲಿ ಅಥವಾ ತರಗತಿಯಲ್ಲಿ ಯಾರಾದರೂ ಪೀಡಿಸುತ್ತಿದ್ದಾರೆಯೇ ಎಂಬುದನ್ನು ಅವಸರವಿಲ್ಲದೆ ಕೇಳಲಾಗುತ್ತದೆ. ಮೊದಲ ಭೇಟಿಯಲ್ಲಿಯೇ ಎಲ್ಲವೂ ಹೊರಬರುವುದಿಲ್ಲ. ಮೂರನೆಯದಾಗಿ, ಆಕೆಗೆ ತಿಳಿಸಿಯೇ ಪಾಲಕರನ್ನು ಭೇಟಿ ಮಾಡಲಾಗುತ್ತದೆ. ಅವರ ನಂಬಿಕೆಯನ್ನು ಹೀಗಳೆಯದೆ, ಹರಕೆಯೊಂದಿಗೆ ಚಿಕಿತ್ಸೆಯೂ ನಡೆಯಲಿ ಎಂದು ಒಪ್ಪಿಸುವುದು ಸೂಕ್ತ. ನಾಲ್ಕನೆಯದಾಗಿ, ತಮ್ಮ ಸಾಮರ್ಥ್ಯಕ್ಕೆ ಮೀರಿದ ತೊಂದರೆ ಕಂಡುಬಂದಲ್ಲಿ ಮನೋವೈದ್ಯರಿಗೆ ಶಿಫಾರಸು ಮಾಡಿ, ಭೇಟಿ ನಡೆಯಿತೇ ಎಂಬುದನ್ನು ವಿಚಾರಿಸತಕ್ಕದ್ದು. ಚೀಟಿ ಬರೆದುಕೊಟ್ಟ ಮಾತ್ರಕ್ಕೆ ಕರ್ತವ್ಯ ಪೂರ್ಣಗೊಂಡಂತೆ ಆಗುವುದಿಲ್ಲ.

5. ಗೌಪ್ಯತೆ ಮತ್ತು ಅದರ ಮಿತಿ

ಸಮಾಲೋಚನೆಯಲ್ಲಿ ಹೇಳಿದ ಮಾತು ಮರುದಿನ ಶಿಕ್ಷಕರ ಕೊಠಡಿಯಲ್ಲಿ ಚರ್ಚೆಯಾದರೆ ಆ ಶಾಲೆಯ ಯಾವ ವಿದ್ಯಾರ್ಥಿಯೂ ಪುನಃ ಬಾಯಿ ಬಿಡುವುದಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಕಲಂ 23ರಲ್ಲಿ ಗೌಪ್ಯತೆಯು ವ್ಯಕ್ತಿಯ ಹಕ್ಕೆಂದು ಹೇಳಲಾಗಿದೆ.

ಆದರೆ ಈ ಹಕ್ಕಿಗೆ ಮಿತಿಗಳಿರುತ್ತವೆ. ಜೀವಕ್ಕೆ ಅಪಾಯವಿದ್ದಾಗ ಅಗತ್ಯವಿರುವವರಿಗೆ, ಅಗತ್ಯವಿರುವಷ್ಟು ಮಾತ್ರ ತಿಳಿಸಬೇಕಾಗುತ್ತದೆ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ವಿಷಯ ತಿಳಿದುಬಂದಲ್ಲಿ, ಪೋಕ್ಸೋ ಕಾಯ್ದೆ 2012ರ ಕಲಂ 19ರಂತೆ ಪೊಲೀಸರಿಗೆ ಮಾಹಿತಿ ನೀಡುವುದು ಕಡ್ಡಾಯವಾಗಿದ್ದು, ತಪ್ಪಿದಲ್ಲಿ ಶಿಕ್ಷೆಗೆ ಅವಕಾಶವಿದೆ. ಈ ಮಿತಿಗಳನ್ನು ಮೊದಲ ಭೇಟಿಯ ಆರಂಭದಲ್ಲಿಯೇ ವಿದ್ಯಾರ್ಥಿಗೆ ಸರಳವಾಗಿ ತಿಳಿಸತಕ್ಕದ್ದು. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಟ್ಟು ನಂತರ ಮುರಿಯುವುದಕ್ಕಿಂತ ಇದು ಉತ್ತಮ.

6. ಜೀವಕ್ಕೆ ಅಪಾಯವಿರುವ ಸಂದರ್ಭ

ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ಆಸ್ಪತ್ರೆಗೆ ಸೇರಿಸಿದರೆ ಅವರ ಮೇಲೆಯೇ ಮೊಕದ್ದಮೆ ಆಗುತ್ತದೆ ಎಂಬ ಹೆದರಿಕೆಯಿಂದ ಚಿಕಿತ್ಸೆ ವಿಳಂಬವಾಗಬಾರದು. 2018ರ ಮೇ 29ರಿಂದ ಜಾರಿಯಲ್ಲಿರುವ ಮೇಲ್ಕಂಡ ಕಾಯ್ದೆಯ ಕಲಂ 115ರ ಪ್ರಕಾರ, ಅಂತಹ ವ್ಯಕ್ತಿಯು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕದ್ದು. ಆರೈಕೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಈ ಯತ್ನವನ್ನು ಅಪರಾಧವೆಂದು ಹೇಳುತ್ತಿದ್ದ ಭಾರತೀಯ ದಂಡ ಸಂಹಿತೆಯ ಕಲಂ 309ನ್ನು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮುಂದುವರಿಸಿರುವುದಿಲ್ಲ.

ಸಾಯುವ ವಿಚಾರ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ವಿಚಾರವನ್ನು ತಲೆಯಲ್ಲಿ ಹಾಕಿದಂತಾಗುವುದಿಲ್ಲ. ಬದಲಾಗಿ ಮಾತನಾಡಲು ದಾರಿಯಾಗುತ್ತದೆ. ಹೌದೆಂದು ಉತ್ತರಿಸಿದ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡಬಾರದು. ಕೃಷಿಕರ ಮನೆಗಳಲ್ಲಿ ಕೀಟನಾಶಕಗಳನ್ನು ಬೀಗ ಹಾಕಿ ಇಡುವಂತೆ ಪಾಲಕರಿಗೆ ತಿಳಿಸುವುದು ಸಮಾಲೋಚಕರ ಮುಖ್ಯ ಕರ್ತವ್ಯಗಳಲ್ಲೊಂದು. ಪರೀಕ್ಷಾ ಫಲಿತಾಂಶದ ದಿನಗಳಲ್ಲಿ ವಿಶೇಷ ಎಚ್ಚರ ಅಗತ್ಯ. 2024ರಿಂದ ಎಸ್.ಎಸ್.ಎಲ್.ಸಿ. ಹಾಗೂ ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಅದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಕಲ್ಪಿಸಲಾಗಿದ್ದು, ಈ ವಿಷಯವನ್ನು ಫಲಿತಾಂಶಕ್ಕೆ ಮುಂಚೆಯೇ ಮಕ್ಕಳಿಗೂ ಪಾಲಕರಿಗೂ ತಿಳಿಸುವುದು ಸೂಕ್ತ.

7. ಶಿಕ್ಷಣ ಸಂಸ್ಥೆಗಳ ಹೊಣೆ

ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ಸುಕದೇಬ್ ಸಾಹಾ ಪ್ರಕರಣದಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿಗಳನ್ನು ನೀಡಿದೆ. ಅದರಂತೆ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ತರಬೇತಿ ಹೊಂದಿದ ಕನಿಷ್ಠ ಒಬ್ಬ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ಹೊಂದಿರತಕ್ಕದ್ದು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು. ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ ಎರಡು ಬಾರಿ ತರಬೇತಿ ನೀಡುವುದು ಮತ್ತು ಸಹಾಯವಾಣಿ ಸಂಖ್ಯೆಗಳನ್ನು ಎದ್ದು ಕಾಣುವಂತೆ ಪ್ರದರ್ಶಿಸುವುದು ಸಹ ಇದರಲ್ಲಿ ಸೇರಿದೆ.

8. ವಿದ್ಯಾರ್ಹತೆ ಮತ್ತು ಉದ್ಯೋಗಾವಕಾಶ

ಮನಶ್ಶಾಸ್ತ್ರ ಅಥವಾ ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿಯು ಈ ವೃತ್ತಿಗೆ ಸಾಮಾನ್ಯವಾಗಿ ಅಪೇಕ್ಷಿತ ಅರ್ಹತೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಹಾಗೂ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಸಮಾಜ ಕಾರ್ಯದ ವ್ಯಾಸಂಗಕ್ಕೆ ಅವಕಾಶವಿದೆ. ಸೇವೆಯಲ್ಲಿರುವ ಶಿಕ್ಷಕರಿಗೆ ಎನ್.ಸಿ.ಇ.ಆರ್.ಟಿ. ಸಂಸ್ಥೆಯು ರೂಪಿಸಿರುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಒಂದು ವರ್ಷದ ಡಿಪ್ಲೊಮಾ ಉಪಯುಕ್ತ.

ಸಮಾಲೋಚಕ ಮತ್ತು ಕ್ಲಿನಿಕಲ್ ಮನಶ್ಶಾಸ್ತ್ರಜ್ಞ ಎಂಬುವು ಒಂದೇ ಅಲ್ಲ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಿಗೆ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಪಡೆದ ವ್ಯಾಸಂಗ ಹಾಗೂ ನೋಂದಣಿ ಅವಶ್ಯ. ಆರೋಗ್ಯ ಸಂಬಂಧಿತ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯ್ದೆಯು ಆರೋಗ್ಯ ಸಮಾಲೋಚಕರನ್ನೂ ವೃತ್ತಿಪರರ ಪಟ್ಟಿಯಲ್ಲಿ ಸೇರಿಸಿದೆ. ಆಸ್ಪತ್ರೆಗಳ ಸಮಾಲೋಚನಾ ಕೇಂದ್ರಗಳು, ಸ್ನೇಹ ಕ್ಲಿನಿಕ್‌ಗಳು, ಕಾಲೇಜುಗಳು, ವಸತಿ ಶಾಲೆಗಳು ಮತ್ತು ಸ್ವಯಂಸೇವಾ ಸಂಸ್ಥೆಗಳಲ್ಲಿ ಉದ್ಯೋಗಾವಕಾಶಗಳಿವೆ. ಇವುಗಳಲ್ಲಿ ಹಲವು ಹುದ್ದೆಗಳು ಗುತ್ತಿಗೆ ಆಧಾರದವಾಗಿರುವುದನ್ನು ಅಭ್ಯರ್ಥಿಗಳು ಗಮನಿಸತಕ್ಕದ್ದು. ಸಮಾಲೋಚಕರು ಬದಲಾದಾಗ ವಿದ್ಯಾರ್ಥಿಯು ತನ್ನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಗುವುದರಿಂದ, ಸೇವೆಯಿಂದ ನಿರ್ಗಮಿಸುವವರು ವಿದ್ಯಾರ್ಥಿಗೆ ಮುಂಚಿತವಾಗಿ ತಿಳಿಸಿ, ಮುಂದಿನವರಿಗೆ ಪರಿಚಯಿಸುವುದು ವೃತ್ತಿಧರ್ಮವಾಗಿರುತ್ತದೆ.

9. ನೆರವು ಪಡೆಯುವ ಬಗೆ

- ಟೆಲಿ ಮಾನಸ್ ಸಹಾಯವಾಣಿ: 14416. 2022ರ ಅಕ್ಟೋಬರ್ 10ರಂದು ಆರಂಭಗೊಂಡ ಈ ಉಚಿತ ಸೇವೆಯು ದಿನದ 24 ಗಂಟೆಯೂ ಲಭ್ಯವಿದ್ದು, ಕನ್ನಡದಲ್ಲಿಯೇ ಮಾತನಾಡಬಹುದು.
- ಮಕ್ಕಳ ಸಹಾಯವಾಣಿ: 1098.
- ತುರ್ತು ಆಂಬ್ಯುಲೆನ್ಸ್: 108.
- ನೇರ ಭೇಟಿಗಾಗಿ ಗೋಕಾಕ ಮತ್ತು ಹುಕ್ಕೇರಿ ತಾಲೂಕು ಆಸ್ಪತ್ರೆಗಳಲ್ಲಿ, ಮೂಡಲಗಿ ಭಾಗದವರು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ, ಸಮಾಲೋಚಕರು ಹಾಗೂ ಮನೋವೈದ್ಯರು ಲಭ್ಯವಿರುವ ದಿನವನ್ನು ವಿಚಾರಿಸುವುದು.
- ಹೆಚ್ಚಿನ ಚಿಕಿತ್ಸೆಗೆ ಬೆಳಗಾವಿಯ ಬಿಮ್ಸ್ ಆಸ್ಪತ್ರೆ ಅಥವಾ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯನ್ನು ಸಂಪರ್ಕಿಸಬಹುದು.

ನಿದ್ರೆ, ಊಟ, ಓದು ಅಥವಾ ಒಡನಾಟದಲ್ಲಿ ಉಂಟಾದ ಬದಲಾವಣೆ ಎರಡು ವಾರಕ್ಕಿಂತ ಹೆಚ್ಚು ಕಾಲ ಮುಂದುವರಿದಲ್ಲಿ ಕಾಯದೆ ನೆರವು ಪಡೆಯುವಂತೆ ಪಾಲಕರಿಗೂ ವಿದ್ಯಾರ್ಥಿಗಳಿಗೂ ತಿಳಿಯಪಡಿಸಲಾಗಿದೆ. ಸಾಯುವ ಮಾತು ಬಂದಲ್ಲಿ ಎರಡು ವಾರವೂ ಕಾಯದೆ ಅದೇ ದಿನ ಸಂಪರ್ಕಿಸತಕ್ಕದ್ದು.