ಮುಚ್ಚದ ರೆಪ್ಪೆ (ಲ್ಯಾಗೋಫ್ತಾಲ್ಮಸ್)

ಮುಖನರ ಸೋತಾಗ ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣು ತೆರೆದೇ ಉಳಿಯುವ ಸ್ಥಿತಿ. ಏಳನೆಯ ಕಪಾಲನರದ ಆಣತಿ ತಪ್ಪಿ ಕಣ್ಣಿನ ಸುತ್ತಲ ವರ್ತುಲಸ್ನಾಯು ಸಡಿಲಗೊಳ್ಳುವುದೇ ಕಾರಣ. ‘ಲಕ್ವ ಹೊಡೆದು ಬಾಯಿ ಸೊಟ್ಟಗಾಯಿತು’ ಎನ್ನುತ್ತ ಬರುವವರಲ್ಲಿ ಬಾಯಿಗಿಂತ ಮೊದಲು ನೋಡಬೇಕಾದದ್ದು ಕಣ್ಣನ್ನೇ.

ನಿದ್ದೆಗೆ ಮುಚ್ಚುವಂತೆ ಮೆಲ್ಲಗೆ ಕಣ್ಣು ಮುಚ್ಚಿಸಿ, ರೆಪ್ಪೆಗಳ ನಡುವಿನ ಬಿರುಕನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಆಮೇಲೆ ಬಿಗಿಯಾಗಿ ಮುಚ್ಚಿಸುತ್ತಾರೆ. ಗುಡ್ಡೆ ಮೇಲಕ್ಕೆ ಹೊರಳಿದರೆ ಕಾರ್ನಿಯಾಕ್ಕೆ ಸ್ವಲ್ಪ ರಕ್ಷಣೆಯುಂಟು. ಹತ್ತಿಯ ಎಳೆ ಸೋಕಿಸಿದರೂ ಕಾರ್ನಿಯಾಕ್ಕೆ ತಿಳಿಯದಿದ್ದರೆ ಅಪಾಯ ಇಮ್ಮಡಿ. ಹಣೆಯ ಗೆರೆಗಳೂ ಮಾಯವಾಗಿದ್ದರೆ ದೋಷ ಸಾಮಾನ್ಯವಾಗಿ ನರದ್ದು, ಮಿದುಳಿನದ್ದಲ್ಲ. ಕೆನ್ನೆಯಲ್ಲಿ ಮಚ್ಚೆಯಿದ್ದರೆ ಕುಷ್ಠವನ್ನು ಶಂಕಿಸಬೇಕು. ಅದರಿಂದಾದ ರೆಪ್ಪೆಯ ಸೋಲು ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2ನೇ ದರ್ಜೆಯ ಅಂಗವೈಕಲ್ಯ.

ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣವಾದ ಐಸಿಡಿ-10ರಲ್ಲಿ ಈ ಸ್ಥಿತಿಯ ಸಂಕೇತ ಎಚ್02.2; ಕಾರಣಗಳಲ್ಲಿ, ಮುಖನರ ಸೋಲುವ ಬೆಲ್ ಪಾರ್ಶ್ವವಾಯುವಿಗೆ ಜಿ51.0, ಕುಷ್ಠಕ್ಕೆ ಎ30. ಅಮೆರಿಕದ ವಿಸ್ತೃತ ಆವೃತ್ತಿಯ ಎಚ್02.23 ಎಡ-ಬಲ, ಮೇಲ್-ಕೆಳ ರೆಪ್ಪೆಗಳನ್ನೂ ಬೇರ್ಪಡಿಸುತ್ತದೆ. ಲಕ್ಷಣದ ಸಂಕೇತವನ್ನಷ್ಟೇ ಬರೆದು ಕಾರಣದ್ದನ್ನು ಬಿಟ್ಟರೆ ದಾಖಲೆ ಅರೆಬರೆ.

ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಗೆ ಪಟ್ಟಿ, ವಾಸಿಯಾಗದಿದ್ದರೆ ಶಸ್ತ್ರಚಿಕಿತ್ಸೆ. ಕಣ್ಣು ಕೆಂಪಾಗಿ ನೋವು ಬಂದರೆ ಅಂದೇ ವೈದ್ಯರಿಗೆ ತೋರಿಸಬೇಕು.