ಚಿಮಣಿಗೆ ಉಕ್ಕಿನ ಒಳಕೊಳವೆ: ಆಯ್ಕೆ ಹೇಗೆ?

ನಮ್ಮಲ್ಲಿ ಈಗ ಚಿಮಣಿ ಎಂದರೆ ಅಡುಗೆ ಒಲೆಯ ಮೇಲಿನ ವಿದ್ಯುತ್ ಉಪಕರಣ. ಬ್ರಿಟನ್, ಅಮೆರಿಕ, ಕೆನಡಾಗಳಂಥ ಚಳಿನಾಡುಗಳಲ್ಲಿ ಮಾತ್ರ ಅಗ್ಗಿಷ್ಟಿಕೆಯಿಂದ ಛಾವಣಿಯಾಚೆಗೆ ಏರುವ ಇಟ್ಟಿಗೆಯ ಹೊಗೆದಾರಿಗೇ ಆ ಹೆಸರು. ಅಲ್ಲಿ ಹಳೆಯ ಮನೆಯನ್ನು ಕೊಳ್ಳುವ ಕನ್ನಡಿಗರು ಆ ಹೊಗೆದಾರಿಯ ಸ್ಥಿತಿಯನ್ನು ಮೊದಲು ಪರೀಕ್ಷಿಸಿಕೊಳ್ಳುವುದು ಅಗತ್ಯ.

ದಶಕಗಳ ಶಾಖ ಹಾಗೂ ಆಮ್ಲಯುಕ್ತ ತೇವದಿಂದ ಇಟ್ಟಿಗೆಗಳ ನಡುವಣ ಗಾರೆ ಉದುರುತ್ತದೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಆ ಸಂದುಗಳಿಂದ ಮಲಗುವ ಕೋಣೆಗೆ ನುಸುಳಬಲ್ಲದು. ನಿದ್ರೆಯಲ್ಲಿರುವವರಿಗೆ ಅದರ ಸುಳಿವೂ ಸಿಗದು. ಸೌದೆಯ ಹೊಗೆಯಿಂದ ಕಟ್ಟುವ ಕ್ರಿಯೋಸೋಟ್ ಎಂಬ ಡಾಂಬರಿನಂಥ ಜಿಡ್ಡಿಗೆ ಕಿಡಿ ತಗುಲಿದರೆ ಛಾವಣಿಯ ಮರಮುಟ್ಟಿಗೂ ಬೆಂಕಿ ವ್ಯಾಪಿಸುವ ಭಯವುಂಟು. ಆದ್ದರಿಂದಲೇ ಹಳೆಯ ಚಿಮಣಿಯೊಳಗೆ ಲೈನರ್ ಎಂದು ಕರೆಯಲಾಗುವ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯನ್ನು ಇಳಿಸಲಾಗುತ್ತದೆ.

ಬೆಲೆ ವಿಚಾರಿಸುವುದಕ್ಕೆ ಮುನ್ನ ಉರಿಸುವ ಇಂಧನ ಯಾವುದೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಅಮೆರಿಕದಲ್ಲಿ ಒಣ ಸೌದೆಗೆ ಸಾಮಾನ್ಯವಾಗಿ 304 ದರ್ಜೆಯ ಉಕ್ಕು ಬಳಕೆಯಲ್ಲಿದೆ. ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುವ ಇದು ನಮ್ಮ ಉತ್ತಮ ಪಾತ್ರೆಗಳ ಉಕ್ಕೇ. ಕಲ್ಲಿದ್ದಲು ಮತ್ತು ತೈಲದ ಹೊಗೆಯಲ್ಲಿ ಗಂಧಕದ ಆಮ್ಲ ಹುಟ್ಟುವುದರಿಂದ ಅಲ್ಲಿ 304 ಬೇಗ ತೂತು ಬೀಳುತ್ತದೆ. ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಬೆರೆತ 316 ಹೆಚ್ಚು ತಾಳುತ್ತದೆ. ಬ್ರಿಟನ್ನಿನಲ್ಲಿ ಸೌದೆಗೇ 316 ರೂಢಿ. ಹೊಗೆರಹಿತ ಘನ ಇಂಧನವನ್ನು ನಿತ್ಯ ಉರಿಸುವವರಿಗೆ 904 ದರ್ಜೆ ಲೇಸು. ಅಗ್ಗವೆಂದು ಅಲ್ಯೂಮಿನಿಯಂ ಕೊಳವೆಗೆ ಮನಸೋಲಬಾರದು. ಅದು ಕೆಲವು ಅನಿಲ ಉಪಕರಣಗಳಿಗೆ ಮಾತ್ರ, ಸೌದೆಗೆ ಸರ್ವಥಾ ಸಲ್ಲದು.

ವ್ಯಾಸದಲ್ಲಿ ಎಡವುವವರೇ ಹೆಚ್ಚು. ಕೊಳವೆ ದೊಡ್ಡದಾದಷ್ಟೂ ಹೊಗೆ ಸರಾಗವಾಗಿ ಹೋಗುವುದೆಂಬ ಭಾವನೆ ತಪ್ಪು. 6 ಅಂಗುಲದ ಕೊಳವೆಯ ವಿಸ್ತೀರ್ಣ ಸುಮಾರು 28 ಚದರ ಅಂಗುಲವಾದರೆ 8 ಅಂಗುಲದ್ದು 50. ಒಲೆಯ ಹೊಗೆಬಾಯಿ 6 ಅಂಗುಲವಿದ್ದು ಮೇಲೆ 8 ಅಂಗುಲದ ಕೊಳವೆ ಹಾಕಿದರೆ ಹೊಗೆಯ ವೇಗ ಕುಂದಿ, ಅದು ತಣಿದು, ಒಳಗೋಡೆಗೆ ಜಿಡ್ಡು ಕಟ್ಟುತ್ತದೆ. ತೀರ ಕಿರಿದಾದರೆ ಹೊಗೆ ಕೋಣೆಗೇ ಮರಳುತ್ತದೆ. ಮುಚ್ಚಿದ ಒಲೆಯಾದರೆ ತಯಾರಕರು ಸೂಚಿಸಿದ ವ್ಯಾಸವನ್ನೇ ಅನುಸರಿಸತಕ್ಕದ್ದು. ತೆರೆದ ಅಗ್ಗಿಷ್ಟಿಕೆಯಲ್ಲಿ ಬಾಯಿಯ ವಿಸ್ತೀರ್ಣದ ಸುಮಾರು ಹತ್ತನೇ ಒಂದು ಭಾಗ ಎಂಬುದು ಸ್ಥೂಲ ಲೆಕ್ಕ: 30 ಅಂಗುಲ ಅಗಲ, 24 ಅಂಗುಲ ಎತ್ತರದ ಬಾಯಿಗೆ 10 ಅಂಗುಲದ ಕೊಳವೆ ಬೇಕಾದೀತು.

ಮನೆಯ ಹೊರಗೋಡೆಗೆ ಹೊಂದಿಕೊಂಡ ಚಿಮಣಿ ಬೇಗ ತಣಿಯುವುದರಿಂದ ಅಲ್ಲಿನ ಕೊಳವೆಗೆ ಸೆರಾಮಿಕ್ ನಾರಿನ ಹೊದಿಕೆ ಸುತ್ತಿಸುವುದು ಉಚಿತ. ಅಮೆರಿಕದಲ್ಲಿ ಕೊಳ್ಳುವವರು ಯುಎಲ್ 1777 ಮುದ್ರೆಯನ್ನು ಗಮನಿಸಬೇಕು. ಆ ಮಾನದಂಡದ ಪರೀಕ್ಷೆಯಲ್ಲಿ ಕೊಳವೆಯು 2100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 1150 ಡಿಗ್ರಿ ಸೆಲ್ಸಿಯಸ್ ಶಾಖವನ್ನು ತಾಳಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ದೊರೆಯುವ ಎರಡು ಪದರದ ಬಾಗುಕೊಳವೆಗಳ ಮೇಲೆ ಬಾಣದ ಗುರುತಿರುತ್ತದೆ. ಕೊಳವೆಯನ್ನು ತಲೆಕೆಳಗಾಗಿ ಇಳಿಸಿದರೆ ಒಳಪದರದ ಅಂಚುಗಳಲ್ಲಿ ಮಸಿ ನಿಲ್ಲುತ್ತದೆ, ಗುಡಿಸುವ ಕುಂಚವೂ ಸಿಕ್ಕಿಕೊಳ್ಳುತ್ತದೆ. ಕೆಲಸದವರು ಛಾವಣಿಯಿಂದ ಇಳಿಯುವ ಮೊದಲೇ ಬಾಣದ ದಿಕ್ಕನ್ನು ನೋಡಿಕೊಳ್ಳುವುದು ಒಳಿತು.