ಪ್ರಮಾಣವಿಚಾರ: ಭಾರತೀಯ ದರ್ಶನಗಳಲ್ಲಿ ಜ್ಞಾನಸಾಧನಗಳ ಚರ್ಚೆ

ಯಥಾರ್ಥ ಜ್ಞಾನಕ್ಕೆ ಶಾಸ್ತ್ರದಲ್ಲಿ ಪ್ರಮಾ ಎಂದು ಹೆಸರು. ಅದನ್ನು ಹುಟ್ಟಿಸುವ ಸಾಧನ ಪ್ರಮಾಣ, ತಿಳಿಯುವವನು ಪ್ರಮಾತೃ, ತಿಳಿಯಬೇಕಾದ ವಿಷಯ ಪ್ರಮೇಯ. ಆತ್ಮವುಂಟೇ, ಜಗತ್ತು ಸತ್ಯವೇ, ಈಶ್ವರನನ್ನು ಒಪ್ಪಬೇಕೇ ಎಂಬ ಪ್ರಶ್ನೆಗಳಿಗೆ ಕೈಹಾಕುವ ಮೊದಲು ‘ಇದು ನಿನಗೆ ಗೊತ್ತಾದದ್ದು ಹೇಗೆ?’ ಎಂದು ಎದುರಾಳಿಯನ್ನು ಕೇಳುವುದು, ಅದೇ ಪ್ರಶ್ನೆಗೆ ತಾನೂ ಉತ್ತರ ಕೊಡುವುದು ಭಾರತೀಯ ದರ್ಶನಕಾರರ ಪದ್ಧತಿ. ಪಠ್ಯಪುಸ್ತಕಗಳಲ್ಲಿ ಈ ವಿಷಯ ಸಾಮಾನ್ಯವಾಗಿ ಒಂದು ಪಟ್ಟಿಯಾಗಿ ಮುಗಿದುಹೋಗುತ್ತದೆ: ಚಾರ್ವಾಕರಿಗೆ ಪ್ರತ್ಯಕ್ಷವೊಂದೇ; ವೈಶೇಷಿಕರಿಗೂ ಬೌದ್ಧರಿಗೂ ಅನುಮಾನ ಸೇರಿ ಎರಡು; ಸಾಂಖ್ಯ ಯೋಗಗಳಿಗೆ ಶಬ್ದ ಸೇರಿ ಮೂರು; ನೈಯಾಯಿಕರಿಗೆ ಉಪಮಾನ ಸೇರಿ ನಾಲ್ಕು; ಪ್ರಾಭಾಕರ ಮೀಮಾಂಸಕರಿಗೆ ಅರ್ಥಾಪತ್ತಿ ಸೇರಿ ಐದು; ಭಾಟ್ಟ ಮೀಮಾಂಸಕರಿಗೂ ಅದ್ವೈತಿಗಳಿಗೂ ಅನುಪಲಬ್ಧಿ ಸೇರಿ ಆರು. ಪಟ್ಟಿ ಸರಿಯಾದದ್ದೇ. ಆದರೆ ಈ ಒಂದೊಂದು ಅಂಕಿಯ ಹಿಂದೆಯೂ ಹಲವು ಶತಮಾನಗಳ ವಾದವಿದೆ, ಮತ್ತು ದರ್ಶನಗಳ ನಿಜವಾದ ಇತಿಹಾಸ ಇರುವುದು ಆ ವಾದದಲ್ಲಿ.

ಚರ್ಚೆಯ ಆರಂಭವನ್ನು ವೈದ್ಯರ ಗ್ರಂಥದಲ್ಲೂ ಕಾಣಬಹುದು. ಚರಕಸಂಹಿತೆ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂದು ನಾಲ್ಕು ಬಗೆಯ ಪರೀಕ್ಷೆಯನ್ನು ಹೇಳುತ್ತದೆ. ರೋಗಿಯ ಮುಂದೆ ಕುಳಿತವನಿಗೆ ಕಂಡದ್ದೆಷ್ಟು, ಊಹಿಸಿದ್ದೆಷ್ಟು, ಗುರುವಿನಿಂದ ಕೇಳಿದ್ದೆಷ್ಟು ಎಂಬ ವಿವೇಕ ಬೇಕೇಬೇಕಷ್ಟೆ. ಶಾಸ್ತ್ರವಾಗಿ ಇದನ್ನು ಕಟ್ಟಿಕೊಟ್ಟದ್ದು ಅಕ್ಷಪಾದ ಗೌತಮನ ನ್ಯಾಯಸೂತ್ರ. ಐದು ಅಧ್ಯಾಯಗಳ ಈ ಗ್ರಂಥ ಹದಿನಾರು ಪದಾರ್ಥಗಳನ್ನು ಎಣಿಸುತ್ತದೆ, ಮೊದಲನೆಯದೇ ಪ್ರಮಾಣ. ಉಳಿದವುಗಳಲ್ಲಿ ಸಂಶಯ, ತರ್ಕ, ನಿರ್ಣಯ, ವಾದ, ಜಲ್ಪ, ವಿತಂಡ, ಹೇತ್ವಾಭಾಸ ಮೊದಲಾದವು ಬರುತ್ತವೆ. ಸತ್ಯವನ್ನು ತಿಳಿಯುವುದಕ್ಕಾಗಿ ನಡೆಸುವ ಮಾತುಕತೆ ವಾದ. ಗೆಲ್ಲುವುದಕ್ಕಾಗಿಯೇ ನಡೆಸುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವನದನ್ನು ಕೆಡಹುವುದು ವಿತಂಡ. ಇಂದು ಯಾರನ್ನಾದರೂ ವಿತಂಡವಾದಿ ಎನ್ನುವಾಗ ನಾವು ಈ ಸೂತ್ರಕಾರನ ವಿಂಗಡಣೆಯನ್ನೇ ಬಳಸುತ್ತಿರುತ್ತೇವೆ.

ನ್ಯಾಯಸೂತ್ರ ಮೊದಲೇ ಎದುರಿಸಬೇಕಾಗಿ ಬಂದದ್ದು ಬುಡಕ್ಕೇ ಹಾಕಿದ ಪೆಟ್ಟನ್ನು. ಪ್ರಮಾಣದಿಂದ ವಸ್ತು ಸಿದ್ಧವಾಗುತ್ತದೆ ಎನ್ನುವಿರಿ. ಪ್ರಮಾಣ ಯಾವುದರಿಂದ ಸಿದ್ಧ? ಇನ್ನೊಂದು ಪ್ರಮಾಣದಿಂದ ಎಂದರೆ ಅದಕ್ಕೆ ಮತ್ತೊಂದು ಬೇಕು, ಕೊನೆಯೇ ಇಲ್ಲ. ಬೇಡ ಎಂದರೆ ನಿಮ್ಮ ನಿಯಮವನ್ನು ನೀವೇ ಮುರಿದಂತಾಯಿತು. ಮಾಧ್ಯಮಿಕ ಬೌದ್ಧ ನಾಗಾರ್ಜುನನ ವಿಗ್ರಹವ್ಯಾವರ್ತನೀಯಲ್ಲಿ ಈ ಆಕ್ಷೇಪ ಬಲವಾಗಿ ಬರುತ್ತದೆ. ದೀಪ ಬೇರೆಯದನ್ನು ಬೆಳಗುತ್ತಲೇ ತಾನೂ ಕಾಣಿಸಿಕೊಳ್ಳುವಂತೆ ಪ್ರಮಾಣವೂ ಎಂಬ ದೃಷ್ಟಾಂತ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿದೆ; ನಾಗಾರ್ಜುನ ಈ ದೀಪದ ಮಾತನ್ನೂ ಬಿಡದೆ ಖಂಡಿಸಿದ್ದಾನೆ. ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಬಂದ ಪ್ರತಿಯೊಂದು ದರ್ಶನವೂ ಇದಕ್ಕೆ ತನ್ನದೇ ಉತ್ತರವನ್ನು ಹುಡುಕಬೇಕಾಯಿತು.

ವಾತ್ಸ್ಯಾಯನ ಸೂತ್ರಗಳಿಗೆ ಭಾಷ್ಯ ಬರೆದ ಮೇಲೆ ಬೌದ್ಧ ತಾರ್ಕಿಕ ದಿಙ್ನಾಗ ಪ್ರಮಾಣಸಮುಚ್ಚಯದಲ್ಲಿ ನೈಯಾಯಿಕರ ಪ್ರತ್ಯಕ್ಷ ಲಕ್ಷಣವನ್ನು ಖಂಡಿಸಿದ. ಅವನ ಮತದಲ್ಲಿ ಹೆಸರು, ಜಾತಿ, ಗುಣ ಯಾವುದೂ ಅಂಟಿಕೊಳ್ಳದ ಶುದ್ಧ ಅರಿವು ಮಾತ್ರ ಪ್ರತ್ಯಕ್ಷ. ‘ಇದು ಹಸು’ ಎನ್ನುವ ಹೊತ್ತಿಗೆ ಕಲ್ಪನೆ ಸೇರಿಹೋಗಿರುತ್ತದೆ. ಇದಕ್ಕೆ ಉತ್ತರವಾಗಿ ಉದ್ದ್ಯೋತಕರ ನ್ಯಾಯವಾರ್ತಿಕ ಬರೆದ. ಏಳನೆಯ ಶತಮಾನದಲ್ಲಿ ಧರ್ಮಕೀರ್ತಿ ಬೌದ್ಧರ ಪಕ್ಷವನ್ನು ಮತ್ತಷ್ಟು ಹರಿತಗೊಳಿಸಿದ. ಆಮೇಲೆ ಬಂದ ವಾಚಸ್ಪತಿ ಮಿಶ್ರ ತನ್ನ ತಾತ್ಪರ್ಯಟೀಕೆಯನ್ನು ಬರೆಯುವಾಗ, ಕೆಸರಿನಲ್ಲಿ ಸಿಕ್ಕಿಬಿದ್ದ ಉದ್ದ್ಯೋತಕರನ ಮುದಿ ಹಸುಗಳನ್ನು ಮೇಲೆತ್ತುತ್ತಿದ್ದೇನೆ ಎಂಬ ಅರ್ಥದ ಮಾತನ್ನಾಡಿದ್ದಾನೆ. ಹಿರಿಯರ ಗ್ರಂಥದ ಮೇಲಿನ ಗೌರವ, ಅದು ಸೋಲುತ್ತಿದೆಯೆಂಬ ಅರಿವು ಎರಡೂ ಆ ಮಾತಿನಲ್ಲಿವೆ. ಹತ್ತನೆಯ ಶತಮಾನದ ಉದಯನ ಈ ಸರಣಿಯ ಕೊನೆಯ ದೊಡ್ಡ ಹೆಸರು. ಅವನ ನ್ಯಾಯಕುಸುಮಾಂಜಲಿ ಈಶ್ವರನ ಅಸ್ತಿತ್ವವನ್ನು ಅನುಮಾನದಿಂದಲೇ ಸಾಧಿಸಲು ಹೊರಟ ಗ್ರಂಥ.

ಅನುಮಾನವನ್ನು ಎಲ್ಲರೂ ಹೊಗೆ–ಬೆಂಕಿಯ ಉದಾಹರಣೆಯಿಂದ ಕಲಿಯುತ್ತಾರೆ. ಬೆಟ್ಟದಲ್ಲಿ ಬೆಂಕಿಯಿದೆ (ಪ್ರತಿಜ್ಞೆ), ಹೊಗೆಯಿರುವುದರಿಂದ (ಹೇತು), ಹೊಗೆಯಿದ್ದಲ್ಲೆಲ್ಲ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ (ಉದಾಹರಣ), ಈ ಬೆಟ್ಟವೂ ಹಾಗೆಯೇ (ಉಪನಯ), ಆದ್ದರಿಂದ ಬೆಂಕಿಯಿದೆ (ನಿಗಮನ). ನೈಯಾಯಿಕರ ಈ ಐದು ಅವಯವಗಳಲ್ಲಿ ಮೂರು ಸಾಕು ಎಂದರು ಮೀಮಾಂಸಕರು. ಪೆಟ್ಟು ತಿಂದದ್ದು ಅವಯವಗಳ ಸಂಖ್ಯೆಗಿಂತ ಹೆಚ್ಚಾಗಿ ವ್ಯಾಪ್ತಿ, ಅಂದರೆ ಹೊಗೆಗೂ ಬೆಂಕಿಗೂ ಇರುವ ತಪ್ಪದ ಸಂಬಂಧ. ಕಂಡ ಕೆಲವು ಅಡುಗೆಮನೆಗಳಿಂದ ಕಾಣದ ಎಲ್ಲ ಬೆಟ್ಟಗಳಿಗೆ ಹೇಗೆ ಹಾರಿದಿರಿ ಎಂದು ಚಾರ್ವಾಕರು ಕೇಳಿದರು. ಪ್ರತ್ಯಕ್ಷವನ್ನೂ ಸೇರಿಸಿ ಎಲ್ಲ ಪ್ರಮಾಣಗಳನ್ನೂ ಬುಡಮೇಲು ಮಾಡಿದ ಜಯರಾಶಿಯ ತತ್ತ್ವೋಪಪ್ಲವಸಿಂಹದ ಹಸ್ತಪ್ರತಿ 1926ರಲ್ಲಿ ಗುಜರಾತಿನ ಪಾಟಣದಲ್ಲಿ ಸಿಕ್ಕಿತು, 1940ರಲ್ಲಿ ಬರೋಡೆಯಲ್ಲಿ ಅಚ್ಚಾಯಿತು. ಎದುರಾಳಿಗಳ ಗ್ರಂಥಗಳಲ್ಲಿ ಪೂರ್ವಪಕ್ಷವಾಗಿ ಮಾತ್ರ ಕೇಳುತ್ತಿದ್ದ ಸಂದೇಹವಾದಿಯ ದನಿ ಆಗ ನೇರವಾಗಿ ಕೇಳಿತು.

ಉಳಿದ ಪ್ರಮಾಣಗಳ ಜಗಳ ಸಣ್ಣದೆಂದು ತೋರಿದರೂ ಸ್ವಾರಸ್ಯದ್ದು. ಹಗಲು ಉಣ್ಣದ ದೇವದತ್ತ ದಪ್ಪಗಾಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದೇ ಆಯಿತು. ಇದು ಅರ್ಥಾಪತ್ತಿಯೆಂಬ ಬೇರೆಯೇ ಪ್ರಮಾಣ ಎಂದು ಮೀಮಾಂಸಕರು. ಅನುಮಾನದ ಒಂದು ಬಗೆ ಎಂದು ನೈಯಾಯಿಕರು. ನೆಲದ ಮೇಲೆ ಮಡಕೆ ಇಲ್ಲವೆಂಬುದನ್ನು ಯಾವುದರಿಂದ ತಿಳಿಯುತ್ತೇವೆ? ಕಾಣದಿರುವಿಕೆಯೇ ಪ್ರಮಾಣ ಎಂದರು ಭಾಟ್ಟರು. ಇಲ್ಲದಿರುವಿಕೆಯೂ ಒಂದು ಪದಾರ್ಥ, ಕಣ್ಣಿಗೇ ಕಾಣುತ್ತದೆ ಎಂದರು ನೈಯಾಯಿಕರು. ಬರಿ ನೆಲ ಕಂಡಿತು, ಅಷ್ಟೇ ಎಂದರು ಪ್ರಾಭಾಕರರು.

ಶಬ್ದಪ್ರಮಾಣದ ವಿಷಯಕ್ಕೆ ಬಂದಾಗ ಪಣ ದೊಡ್ಡದು, ಏಕೆಂದರೆ ವೇದದ ಅಧಿಕಾರ ಅಲ್ಲಿ ನಿಂತಿದೆ. ವೈಶೇಷಿಕರು ಶಬ್ದವನ್ನು ಅನುಮಾನದೊಳಗೆ ಸೇರಿಸಿದರು. ನೈಯಾಯಿಕರಿಗೆ ನಂಬಲರ್ಹನಾದ ಆಪ್ತನ ಮಾತು ಪ್ರಮಾಣ. ಮಂತ್ರ, ಆಯುರ್ವೇದಗಳು ಫಲ ಕೊಟ್ಟು ನಂಬಿಕೆ ಗಳಿಸಿದಂತೆ ವೇದವೂ ಆಪ್ತವಾಕ್ಯವಾದ್ದರಿಂದ ಪ್ರಮಾಣ. ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಹೇಳಿದವನಿದ್ದರೆ ತಪ್ಪಿಗೆ ಅವಕಾಶವಿರುತ್ತದೆ. ವೇದ ಅಪೌರುಷೇಯ, ಆದ್ದರಿಂದಲೇ ನಿರ್ದೋಷ ಎಂಬುದು ಅವರ ನಿಲುವು. ಏಳನೆಯ ಶತಮಾನದ ಕುಮಾರಿಲ ಭಟ್ಟ ಶ್ಲೋಕವಾರ್ತಿಕದಲ್ಲಿ ಇದಕ್ಕೊಂದು ಗಟ್ಟಿ ತಳಹದಿ ಹಾಕಿದ: ಜ್ಞಾನ ಹುಟ್ಟುವಾಗಲೇ ಪ್ರಾಮಾಣ್ಯದೊಂದಿಗೆ ಹುಟ್ಟುತ್ತದೆ, ತಪ್ಪೆಂದು ತೋರಿಸಲು ಮಾತ್ರ ಬೇರೆ ಕಾರಣ ಬೇಕು. ಇದು ಸ್ವತಃಪ್ರಾಮಾಣ್ಯವಾದ. ಕಂಡ ನೀರು ನೀರೇ ಹೌದೆಂದು ಗೊತ್ತಾಗುವುದು ಕುಡಿದು ಬಾಯಾರಿಕೆ ತಣಿದಾಗ ಎಂಬ ನೈಯಾಯಿಕರದು ಪರತಃಪ್ರಾಮಾಣ್ಯವಾದ. ನನ್ನ ದೃಷ್ಟಿಯಲ್ಲಿ ಭಾರತೀಯ ಜ್ಞಾನಮೀಮಾಂಸೆಯ ಅತ್ಯಂತ ಆಳವಾದ ಭಿನ್ನಾಭಿಪ್ರಾಯ ಇದು. ಪ್ರಮಾಣಗಳ ಸಂಖ್ಯೆಯ ಜಗಳ ಇದರ ಮುಂದೆ ಹಗುರವಾಗಿ ಕಾಣುತ್ತದೆ.

ತಪ್ಪು ಜ್ಞಾನದ ವಿವರಣೆಯೂ ಇಲ್ಲಿಂದಲೇ ಕವಲೊಡೆಯಿತು. ಚಿಪ್ಪನ್ನು ಬೆಳ್ಳಿಯೆಂದು ಕಂಡವನು ಕಂಡದ್ದೇನು? ಬೇರೆಲ್ಲೋ ಇರುವ ಬೆಳ್ಳಿ ಇಲ್ಲಿ ತೋರಿತೆಂದು ನೈಯಾಯಿಕರ ಅನ್ಯಥಾಖ್ಯಾತಿ. ತಪ್ಪು ಜ್ಞಾನವೆಂಬುದೇ ಇಲ್ಲ, ಕಂಡದ್ದಕ್ಕೂ ನೆನಪಾದದ್ದಕ್ಕೂ ಇರುವ ವ್ಯತ್ಯಾಸ ಗಮನಕ್ಕೆ ಬರಲಿಲ್ಲವಷ್ಟೇ ಎಂದು ಪ್ರಾಭಾಕರರ ಅಖ್ಯಾತಿ. ಸತ್ತೆಂದೂ ಅಸತ್ತೆಂದೂ ಹೇಳಲಾಗದ ಬೆಳ್ಳಿಯೆಂದು ಅದ್ವೈತಿಗಳ ಅನಿರ್ವಚನೀಯಖ್ಯಾತಿ. ಚಿಪ್ಪಿನ ಬೆಳ್ಳಿಗೆ ಕೊಟ್ಟ ಉತ್ತರವೇ ಜಗತ್ತಿಗೂ ಅನ್ವಯಿಸುವುದರಿಂದ ಯಾರೂ ಇಲ್ಲಿ ಸಡಿಲ ಬಿಡಲಿಲ್ಲ.

ಹನ್ನೆರಡನೆಯ ಶತಮಾನದ ಶ್ರೀಹರ್ಷ ಅದ್ವೈತದ ಕಡೆಯಿಂದ ಖಂಡನಖಂಡಖಾದ್ಯವನ್ನು ಬರೆದು, ನೈಯಾಯಿಕರು ಕೊಟ್ಟ ಲಕ್ಷಣಗಳು ಒಂದೂ ನಿಲ್ಲುವುದಿಲ್ಲವೆಂದು ತೋರಿಸಲು ಹೊರಟ. ಬೌದ್ಧ ವಿಹಾರಗಳು ಅಳಿದು ಹಳೆಯ ಎದುರಾಳಿ ಮರೆಯಾಗುತ್ತಿದ್ದ ಕಾಲವದು. ಮಿಥಿಲೆಯ ಗಂಗೇಶ ಹದಿನಾಲ್ಕನೆಯ ಶತಮಾನದಲ್ಲಿ ತತ್ತ್ವಚಿಂತಾಮಣಿಯನ್ನು ರಚಿಸಿದಾಗ ಹದಿನಾರು ಪದಾರ್ಥಗಳ ಹಳೆಯ ಚೌಕಟ್ಟನ್ನೇ ಬಿಟ್ಟು ಗ್ರಂಥವನ್ನು ನಾಲ್ಕು ಪ್ರಮಾಣಗಳ ನಾಲ್ಕು ಖಂಡಗಳಾಗಿ ವಿಂಗಡಿಸಿದ. ಅವಚ್ಛೇದಕ, ಪ್ರತಿಯೋಗಿ ಮೊದಲಾದ ಪರಿಭಾಷೆಯಿಂದ ಸಂದಿಗ್ಧಕ್ಕೆ ಎಡೆಯಿಲ್ಲದ ನವ್ಯನ್ಯಾಯದ ಭಾಷೆ ರೂಪುಗೊಂಡಿತು. ಬಂಗಾಳದ ನವದ್ವೀಪದಲ್ಲಿ ರಘುನಾಥ ಶಿರೋಮಣಿ, ಗದಾಧರರು ಅದನ್ನು ಬೆಳೆಸಿದರು. ಆಲಂಕಾರಿಕರೂ ವೈಯಾಕರಣರೂ ಧರ್ಮಶಾಸ್ತ್ರಕಾರರೂ ಅದೇ ಭಾಷೆಯಲ್ಲಿ ಬರೆಯತೊಡಗಿದರು.

ಕರ್ನಾಟಕದ ಪಾಲು ಇಲ್ಲಿ ಸ್ವಂತದ್ದು, ದೊಡ್ಡದು. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಪ್ರಮಾಣಲಕ್ಷಣದಲ್ಲಿ ಯಥಾರ್ಥ ಜ್ಞಾನವನ್ನೇ ಕೇವಲಪ್ರಮಾಣವೆಂದೂ, ಅದನ್ನು ಹುಟ್ಟಿಸುವ ಪ್ರತ್ಯಕ್ಷ, ಅನುಮಾನ, ಆಗಮಗಳನ್ನು ಅನುಪ್ರಮಾಣವೆಂದೂ ಬೇರ್ಪಡಿಸಿದರು. ಐದು ಇಂದ್ರಿಯ, ಮನಸ್ಸುಗಳ ಜೊತೆಗೆ ಸಾಕ್ಷಿಯನ್ನು ಏಳನೆಯ ಪ್ರತ್ಯಕ್ಷವಾಗಿ ಒಪ್ಪಿ, ಜ್ಞಾನದ ಪ್ರಾಮಾಣ್ಯವನ್ನು ಕೊನೆಯದಾಗಿ ಗ್ರಹಿಸುವುದು ಆತ್ಮಸ್ವರೂಪವಾದ ಈ ಸಾಕ್ಷಿಯೇ ಎಂದರು. ಪ್ರಮಾಣಕ್ಕೆ ಪ್ರಮಾಣವೇನು ಎಂಬ ನಾಗಾರ್ಜುನನ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಇದು ಅತ್ಯಂತ ಧೈರ್ಯದ್ದು. ಆಗಮ ತಾನು ಆಶ್ರಯಿಸಿರುವ ಪ್ರತ್ಯಕ್ಷವನ್ನು ಬಾಧಿಸಲಾರದು ಎಂಬ ಉಪಜೀವ್ಯದ ನಿಯಮವನ್ನೂ ಅವರು ಅಷ್ಟೇ ನಿಷ್ಠುರವಾಗಿ ಹಿಡಿದರು. ಭೇದ ಅನುಭವಕ್ಕೆ ಬರುತ್ತಿರುವಾಗ ಅಭೇದಶ್ರುತಿಗೆ ಬೇರೆ ಅರ್ಥ ಹೇಳಬೇಕು. ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಪ್ರಮಾಣವಾಗದು ಎಂಬರ್ಥದಲ್ಲಿ ಶಂಕರಾಚಾರ್ಯರೂ ಗೀತಾಭಾಷ್ಯದಲ್ಲಿ ಹೇಳಿರುವುದನ್ನು ಇಲ್ಲಿ ಗಮನಿಸಬೇಕು. ಆದರೆ ಪ್ರತ್ಯಕ್ಷದ ಅಧಿಕಾರ ವ್ಯವಹಾರಕ್ಕಷ್ಟೇ ಸೀಮಿತ, ಪರಮಾರ್ಥದಲ್ಲಿ ಶ್ರುತಿಯೇ ಬಲವೆಂದು ಅದ್ವೈತಿಗಳು ಗೆರೆ ಎಳೆದರು.

ಮಧ್ವರ ಸೂತ್ರಪ್ರಾಯವಾದ ಮಾತುಗಳನ್ನು ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ತಿಳಿಯಾಗಿ ಬಿಡಿಸಿಟ್ಟರು. ವಿಜಯನಗರದ ವ್ಯಾಸತೀರ್ಥರು (1460–1539) ಗಂಗೇಶನ ಶಸ್ತ್ರಗಳನ್ನೇ ಕೈಗೆತ್ತಿಕೊಂಡು ತರ್ಕತಾಂಡವದಲ್ಲಿ ನವ್ಯನೈಯಾಯಿಕರನ್ನೂ, ನ್ಯಾಯಾಮೃತದಲ್ಲಿ ಅದ್ವೈತವನ್ನೂ ಎದುರಿಸಿದರು. ನ್ಯಾಯಾಮೃತಕ್ಕೆ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಿಂದ ಉತ್ತರ ಕೊಟ್ಟರು. ಅದಕ್ಕೆ ಮರುಖಂಡನೆ, ಮರುಖಂಡನೆಗೆ ಸಮರ್ಥನೆ ಎಂದು ಪರಂಪರೆ ಮುಂದುವರಿಯಿತು. ಹದಿನೇಳನೆಯ ಶತಮಾನದಲ್ಲಿ ಅನ್ನಂಭಟ್ಟನ ತರ್ಕಸಂಗ್ರಹ, ಧರ್ಮರಾಜಾಧ್ವರೀಂದ್ರನ ವೇದಾಂತಪರಿಭಾಷೆ ಬಂದು ಕಲಿಯುವವರಿಗೆ ಬಾಗಿಲು ತೆರೆದವು. ಪಾಠಶಾಲೆಗಳಲ್ಲಿ ಇಂದಿಗೂ ತರ್ಕದ ಮೊದಲ ಪಾಠ ತರ್ಕಸಂಗ್ರಹವೇ.

ಆಧುನಿಕ ಕಾಲದಲ್ಲಿ ಮೈಸೂರಿನ ಎಂ. ಹಿರಿಯಣ್ಣನವರು (1871–1950) 1932ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತೀಯ ದರ್ಶನಗಳ ಪರಿಚಯಗ್ರಂಥದಲ್ಲಿ ಒಂದೊಂದು ದರ್ಶನದ ಜ್ಞಾನವಿಚಾರಕ್ಕೂ ತಕ್ಕ ಜಾಗ ಕೊಟ್ಟರು. ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಬಿಮಲಕೃಷ್ಣ ಮತಿಲಾಲ್ (1935–1991) ನ್ಯಾಯ–ಬೌದ್ಧ ವಾದಗಳನ್ನು ಪಾಶ್ಚಾತ್ಯ ತತ್ತ್ವಜ್ಞರೊಂದಿಗೆ ಎದುರುಬದುರು ಕೂರಿಸಿದರು. ಇತ್ತ ಶೃಂಗೇರಿಯಲ್ಲಿ ಗಣೇಶ ಚತುರ್ಥಿಯ ಸಮಯದಲ್ಲಿ ಪ್ರತಿವರ್ಷ ಸೇರುವ ವಾಕ್ಯಾರ್ಥ ವಿದ್ವತ್ಸಭೆಯಲ್ಲಿ ಪಂಡಿತರು ಸಂಸ್ಕೃತದಲ್ಲೇ ಪೂರ್ವಪಕ್ಷ ಹೂಡಿ, ಗಂಗೇಶನ ಪರಿಭಾಷೆಯಲ್ಲೇ ಸಿದ್ಧಾಂತ ಹೇಳುತ್ತಾರೆ.